ಗ್ಯಾರೇಜಿನೊಳಗೆ ಇಂಗ್ಲೆಂಡಿನ ಏರು

ನನಗೆ ಅನುಮಾನದ ಸ್ವಭಾವ. ಔಷಧ ತಯಾರಿಸುವ ಕಡೆ ನನ್ನ ಕೆಲಸ; ಲ್ಯಾಬಿನವರು ಕೊಟ್ಟ ಅಂಕಿಗಳನ್ನು ಓದಿ ಇದು ನಿಜವೋ ಸುಳ್ಳೋ ಎಂದು ಕೆದಕುವುದಕ್ಕೇ ನನಗೆ ಸಂಬಳ. ಏರುಪೇರಿರುವ ಅಂಕಿಗಳನ್ನು ಹೇಗೋ ನಂಬಿಬಿಡುತ್ತೇನೆ. ತೀರಾ ಚೆಂದವಾಗಿ, ಸಾಲಾಗಿ ನಿಂತ ಅಂಕಿಗಳನ್ನು ಕಂಡರೆ ಮಾತ್ರ ಎಲ್ಲೋ ಕೈಚಳಕ ನಡೆದಿದೆ ಅನ್ನಿಸುತ್ತದೆ. ಮನೆಗೆ ಬಂದ ಮೇಲೂ ಈ ಬುದ್ಧಿ ಹೋಗುವುದಿಲ್ಲ ಎಂದು ನನ್ನ ಗಂಡನ ದೂರು.

ಅವರಿಗೆ ಸೈಕಲ್ಲೆಂದರೆ ಪ್ರಾಣ. ವಾರದ ಕೊನೆಗೆ ಸ್ಯಾನ್ ಮಟಿಯೋದ ನಮ್ಮ ಮನೆಯಿಂದ ಹೊರಟರೆ ಸ್ಕೈಲೈನ್ ಬೆಟ್ಟ ಹತ್ತಿ, ಆ ಕಡೆ ಸಮುದ್ರ ನೋಡಿಕೊಂಡೇ ವಾಪಸು. ಹೋದ ವರ್ಷ ಹಾಗೆ ಹತ್ತುವಾಗಲೇ ಎದೆ ಹಿಡಿದುಕೊಂಡಿತು. ಜೊತೆಯವರು ಆಂಬುಲೆನ್ಸ್ ಕರೆಸಿದರು, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಡಾಕ್ಟರು ಮೂರು ತಿಂಗಳು ರಸ್ತೆಗೆ ಇಳಿಯಬೇಡಿ ಎಂದರು. ಮನೆಯಲ್ಲಿ ಮೆಲ್ಲಗೆ ತುಳಿಯಬಹುದು, ಆದರೆ ಎದೆಬಡಿತ ನಿಮಿಷಕ್ಕೆ ನೂರ ಇಪ್ಪತ್ತು ದಾಟಬಾರದು. ಆ ನೂರ ಇಪ್ಪತ್ತನ್ನು ನಾನು ಮನಸ್ಸಿನಲ್ಲಿ ಕೆಂಪು ಅಕ್ಷರದಲ್ಲಿ ಬರೆದುಕೊಂಡೆ.

ಗ್ಯಾರೇಜಿನಲ್ಲಿ ಟ್ರೈನರ್ ಬಂತು. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಅದಕ್ಕೆ ಸಿಕ್ಕಿಸಿದರೆ ಮುಗಿಯಿತು, ನಿಂತಲ್ಲೇ ಸವಾರಿ. ಎದುರಿಗೆ ದೊಡ್ಡ ಪರದೆ. ಅದರಲ್ಲಿ ಯಾರೋ ಕ್ಯಾಮೆರಾ ಕಟ್ಟಿಕೊಂಡು ಹೋದ ದಾರಿ ಓಡುತ್ತದೆ. ಪರದೆಯಲ್ಲಿ ಏರು ಬಂದರೆ ಪೆಡಲು ಬಿಗಿಯಾಗುತ್ತದೆ, ಇಳುಕಲು ಬಂದರೆ ಸಡಿಲ. ಜಗತ್ತಿನ ದಾರಿಗಳೆಲ್ಲ ಇದ್ದರೂ ಇವರು ಆರಿಸಿಕೊಂಡದ್ದು ಇಂಗ್ಲೆಂಡಿನ ಹಳ್ಳಿಗಳನ್ನು. ಮದುವೆಗೆ ಮುಂಚೆ ಎರಡು ವರ್ಷ ಪ್ರಾಜೆಕ್ಟಿನ ಮೇಲೆ ಅಲ್ಲಿದ್ದವರು. "ಇಲ್ಲಿಯ ಬೆಟ್ಟ ಒಂದೇ ಸಲ ಜೀವ ತೆಗೆಯುತ್ತೆ, ಅಲ್ಲಿಯದು ಹಾಗಲ್ಲ ಕಣೇ. ಸ್ವಲ್ಪ ಏರು, ಸ್ವಲ್ಪ ಇಳುಕಲು, ಮತ್ತೆ ಏರು. ದಿನವಿಡೀ ಮುಗಿಯೋದೇ ಇಲ್ಲ," ಎಂದರು. ಹೇಳುವಾಗ ಮುಖ ಅರಳಿತು. ಅಲ್ಲಿ ಯಾರ ಜೊತೆ ಸುತ್ತುತ್ತಿದ್ದಿರಿ ಅಂತ ನಾನು ಕೇಳಿದ್ದಕ್ಕೆ ಸೀಟಿನ ಎತ್ತರ ಸರಿಮಾಡತೊಡಗಿದರು.

ಅವರು ಎದೆಗೆ ಕಟ್ಟಿಕೊಳ್ಳುವ ಪಟ್ಟಿ ಬಡಿತವನ್ನು ಎಣಿಸಿ ಫೋನಿಗೆ ಕಳಿಸುತ್ತದೆ. ಆ ಅಂಕಿ, ಅಂದಿನ ದಾರಿ, ಪೆಡಲು ತುಳಿದ ಬಲದ ಲೆಕ್ಕ ಎಲ್ಲವೂ ನನ್ನ ಫೋನಿಗೂ ಬರುವಂತೆ ಮಗಳ ಕೈಲಿ ಮಾಡಿಸಿಕೊಂಡೆ. ಮಾಡಿಕೊಟ್ಟು, "ಅಮ್ಮಾ, ಯು ಆರ್ ಸ್ಟಾಕಿಂಗ್ ಹಿಮ್," ಎಂದಳು. ಹೌದು, ಬೆನ್ನು ಹತ್ತಿದ್ದೇನೆ ಎಂದೆ. ಗಂಡನನ್ನು ಒಂದು ಸಲ ಆಂಬುಲೆನ್ಸಿನಲ್ಲಿ ನೋಡಿದವಳಿಗೆ ನಾಚಿಕೆ ಎಲ್ಲಿಂದ ಬರಬೇಕು?

ಮೊದಲ ವಾರ ಅಂಕಿಗಳು ನಂಬುವ ಹಾಗಿದ್ದವು. ಏರಿನಲ್ಲಿ ನೂರ ಹತ್ತು, ನೂರ ಹದಿನೆಂಟು, ಇಳುಕಲಿನಲ್ಲಿ ತೊಂಬತ್ತು. ನೂರ ಹದಿನೆಂಟು ಕಂಡರೆ ಸಾಕು, ನಾನು ಇಳಿಯಿರಿ ಎನ್ನುವುದು, ಇವರು ರೇಗುವುದು, ದಿನಾ ಜಗಳ. ಅದೇ ವಾರ ಧಾರವಾಡದಿಂದ ನನ್ನ ಅತ್ತೆ ಬಂದರು, ಮಗನನ್ನು ಕಣ್ಣಾರೆ ನೋಡಿಕೊಂಡು ಹೋಗೋಣವೆಂದು. ಎರಡನೆಯ ವಾರದಿಂದ ಅಂಕಿಗಳು ಒಮ್ಮೆಗೇ ಸಾಧುವಾದವು. ಏರಿನಲ್ಲೂ ಎಪ್ಪತ್ತೆಂಟು, ಇಳುಕಲಿನಲ್ಲೂ ಎಪ್ಪತ್ತೆಂಟು. ತುಳಿದ ಬಲದ ಲೆಕ್ಕ ಮಾತ್ರ ದಿನಾ ಹೆಚ್ಚುತ್ತಿತ್ತು. ನನ್ನ ಕಿವಿ ನೆಟ್ಟಗಾಯಿತು.

"ಇದೇನ್ರೀ, ಬೆಟ್ಟ ಹತ್ತೋವಾಗ ಎಪ್ಪತ್ತೆಂಟಾ?"

"ಬೀಟಾ ಬ್ಲಾಕರ್ ಕಣೇ. ಆ ಮಾತ್ರೆ ಬಡಿತ ಏರೋಕೆ ಬಿಡಲ್ಲ."

ಮಾತ್ರೆಯ ವಿಷಯ ಸುಳ್ಳಲ್ಲ. ಆದರೆ ಮೊದಲ ವಾರವೂ ಅದೇ ಮಾತ್ರೆಯನ್ನೇ ತಗೊಂಡಿದ್ದರಲ್ಲ? ಕೇಳಿದರೆ ಈಗ ಮೈಗೆ ಹಿಡಿದಿದೆ ಎಂದರು. ಇನ್ನೊಂದು ವಿಷಯ ಗಮನಿಸಿದೆ. ನಾನು ಮನೆಯಲ್ಲಿರುವಾಗ ಇವರು ಸೈಕಲ್ ಹತ್ತುವುದನ್ನೇ ಬಿಟ್ಟಿದ್ದರು. ವಾರದ ದಿನ ನಾನು ಆಫೀಸಿನಿಂದ ಬರುವ ಮುಂಚೆ, ಶನಿವಾರ ನಾನು ಮಗಳನ್ನು ಡಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋದಾಗ. ಬಚ್ಚಲಲ್ಲಿ ಒಣಗಲು ಹಾಕಿದ್ದ ಪಟ್ಟಿಯನ್ನು ಮೂಸಿ ನೋಡಿದೆ. ಬೆವರಿನ ವಾಸನೆಯೇ ಇಲ್ಲ, ಟಾಲ್ಕಮ್ ಪೌಡರಿನ ಘಮ. "ಬೆವರುಸಾಲೆ ಆಗಿತ್ತು, ಅವ್ವನ ಪೌಡರ್ ಹಾಕ್ಕೊಂಡೆ," ಎಂದರು. ಪ್ರತಿಯೊಂದಕ್ಕೂ ಉತ್ತರ ಸಿದ್ಧವಿಟ್ಟುಕೊಂಡವರನ್ನು ಕಂಡರೆ ನನಗೆ ಆಫೀಸಿನಲ್ಲೂ ಆಗುವುದಿಲ್ಲ.

ನಾಲ್ಕನೆಯ ವಾರ ಇನ್ನೊಂದು ವಿಚಿತ್ರ. ಅಂದಿನ ಪರದೆಯ ದಾರಿ ಹೊಳೆಯ ಪಕ್ಕ, ಅಂಗೈಯಷ್ಟು ಸಪಾಟು. ಅಲ್ಲಿ ಬಡಿತ ಇದ್ದಕ್ಕಿದ್ದಂತೆ ನೂರ ಐವತ್ತಕ್ಕೆ ಹಾರಿ, ಕುಪ್ಪಳಿಸಿ, ಕಾಲು ಗಂಟೆಯ ಮೇಲೆ ಎಪ್ಪತ್ತೆಂಟಕ್ಕೆ ಬಂದು ಕೂತಿತ್ತು. ಎರಡು ದಿನ ಬಿಟ್ಟು ಮತ್ತೆ ಹಾಗೇ. ಮೀಟಿಂಗಿನಿಂದ ಎದ್ದು ಬಂದು ಫೋನ್ ಮಾಡಿದೆ. ಇವರು ಆರಾಮಾಗಿ ಮಾತಾಡಿದರು. "ಪಟ್ಟಿ ಒಣಗಿದ್ರೆ ಹಾಗೆ ತಪ್ಪುತಪ್ಪಾಗಿ ತೋರಿಸುತ್ತೆ. ನಾಳೆಯಿಂದ ನೀರು ಹಚ್ಚಿ ಕಟ್ಟಿಕೊಳ್ತೀನಿ." ಅದೂ ನಿಜವೇ, ನಾನು ಓದಿ ನೋಡಿದೆ. ಆದರೂ ನನಗೆ ಸಮಾಧಾನವಾಗಲಿಲ್ಲ. ಇವರು ಪಟ್ಟಿಯನ್ನು ಎಲ್ಲಿಗೋ ಕಟ್ಟಿ, ತಾವು ಜೀವದ ಹಂಗಿಲ್ಲದೆ ತುಳಿಯುತ್ತಿದ್ದಾರೆ ಎಂಬುದು ಖಾತ್ರಿಯಾಗಿತ್ತು. ಎಲ್ಲಿಗೆ ಎಂಬುದಷ್ಟೇ ಗೊತ್ತಾಗಬೇಕಿತ್ತು.

ಆರನೆಯ ವಾರದ ಶನಿವಾರ ಮಗಳನ್ನು ಕ್ಲಾಸಿಗೆ ಬಿಟ್ಟವಳು ಗ್ರೋಸರಿಗೂ ಹೋಗದೆ ತಿರುಗಿ ಬಂದೆ. ಕಾರನ್ನು ಎರಡು ಮನೆ ಆಚೆ ನಿಲ್ಲಿಸಿದೆ, ಗ್ಯಾರೇಜಿನ ಬಾಗಿಲು ತೆಗೆದರೆ ಸದ್ದಾಗುತ್ತದೆ. ಮನೆಯೊಳಗಿಂದ, ವಾಷಿಂಗ್ ಮೆಷಿನ್ ಪಕ್ಕದ ಬಾಗಿಲಿನಿಂದ ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಗ್ಯಾರೇಜಿನೊಳಗೆ ಹೊಕ್ಕೆ.

ಪರದೆಯ ಮೇಲೆ ಎರಡೂ ಕಡೆ ಆಳೆತ್ತರದ ಹಸಿರು ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ದಾರಿ, ಕಡಿದಾದ ಏರು. ಇವರು ಸೀಟಿನಿಂದೆದ್ದು, ಹಲ್ಲು ಕಚ್ಚಿ, ಬೆವರು ಸುರಿಸುತ್ತ ತುಳಿಯುತ್ತಿದ್ದಾರೆ. ಟ್ರೈನರಿಗೆ ತಾಗಿದಂತೆ ಮಡಿಸುವ ಕುರ್ಚಿ. ಅದರಲ್ಲಿ ನನ್ನ ಅತ್ತೆ, ಮಡಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸಿಕೊಳ್ಳುತ್ತ, "ಅಲ್ನೋಡೋ, ಆ ಕುರಿ ಎಷ್ಟು ದಪ್ಪ ಅವ. ಇನ್ನೊಂದೀಟ ಏರು ಅದ, ತುಳಿ, ತುಳಿ," ಎಂದು ಹುರಿದುಂಬಿಸುತ್ತಿದ್ದರು. ಸೆರಗು ಸರಿದಲ್ಲಿ, ಕುಪ್ಪಸದ ಕೆಳಗೆ, ಕರಿ ಪಟ್ಟಿ.

ನಾನು ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ, ನೆನಪಿರುವುದನ್ನು ಬರೆಯುವ ಹಾಗಿಲ್ಲ. ಇವರು ಸೈಕಲ್ ಮೇಲಿಂದ ಇಳಿಯಲೂ ಆಗದೆ ತಲೆ ತಗ್ಗಿಸಿ ಕೂತರು. ಅತ್ತೆಯೇ ಮಾತಾಡಿದರು. "ಬೈಬ್ಯಾಡವಾ ಅವಗ. ನಾನs ಕಟ್ಕೋತೀನಿ ಅಂದಿದ್ದು. ದಿನಾ ಆ ನಂಬರಿನ ಸಲುವಾಗಿ ಮನ್ಯಾಗ ಜಗಳ ಆಗ್ತಿತ್ತಲ್ಲಾ. ಕುಂತಲ್ಲೇ ಕುಂತಿರತೀನಿ, ನನ್ನ ಎದಿ ಸುಮ್ನs ಇರತದ. ನಿನಗೂ ಸಮಾಧಾನ, ಅವಗೂ ಸಮಾಧಾನ ಅಂತ ತಿಳದಿದ್ದೆ."

ನನಗೆ ಅಳು ಬಂತು, ಸಿಟ್ಟಿನ ಅಳು. ಆರು ವಾರಗಳಲ್ಲಿ ಐದು ವಾರ ಇವರ ಎದೆ ಎಷ್ಟು ಬಡಿದಿದೆ ಎಂಬುದಕ್ಕೆ ಈಗ ಎಲ್ಲೂ ದಾಖಲೆಯಿಲ್ಲ. ಸಾಕ್ಷಿಗಿರಲಿ ಎಂದು ಫೋನ್ ತೆಗೆದು ಇವರ ಮುಖಕ್ಕೆ ಹಿಡಿದೆ. ಅದರಲ್ಲಿ ನೂರ ನಲವತ್ತೆಂಟು ಎಂದಿತ್ತು. ಮರುಗಳಿಗೆ ನೂರ ಹನ್ನೆರಡು. ಮತ್ತೆ ನೂರ ಐವತ್ತೊಂದು.

ಪಟ್ಟಿ ಇನ್ನೂ ಅತ್ತೆಯ ಮೈಮೇಲೇ ಇತ್ತು; ನಾನು ಹೆದರಿಸಿದ್ದಕ್ಕೆ ಇರಬೇಕು ಎಂದುಕೊಂಡೆ. ಐದು ನಿಮಿಷ ಕಾದೆವು. ಅಂಕಿ ಇಳಿಯಲಿಲ್ಲ. ಆಗ ಹೊಳೆಯ ಪಕ್ಕದ ಆ ದಾರಿ ನೆನಪಾಯಿತು. ಅಂದು ಯಾರೂ ಕೂಗಾಡಿರಲಿಲ್ಲ. ಪಟ್ಟಿ ಒಣಗಿದೆ ಎಂದುಕೊಂಡು ಇವರು ಅದಕ್ಕೆ ನೀರು ಸವರಿ ತಾಯಿಗೆ ಮತ್ತೆ ಕಟ್ಟಿಕೊಳ್ಳಲು ಕೊಟ್ಟಿದ್ದರು, ಅಷ್ಟೇ. ಅದನ್ನು ಹೇಳುವಾಗ ಇವರ ಮುಖ ಬಿಳಿಚಿತು.

"ಅತ್ತೆ, ನಿಮಗೆ ಏನಾದ್ರೂ ಆಗ್ತಿದೆಯಾ? ನಿಜ ಹೇಳಿ."

"ಏನಿಲ್ಲವಾ. ಒಮ್ಮೊಮ್ಮೆ ಒಳಗ ಗುಬ್ಬಿ ಪಟಪಟ ಅಂದ್ಹಂಗ ಆಗತದ, ಕಣ್ಣಿಗೆ ಕತ್ತಲಿ ಬರತದ. ಎರಡು ವರ್ಷಾತು. ಇವನದs ಎದಿ ಇಷ್ಟು ದೊಡ್ಡ ಸುದ್ದಿ ಆಗಿರಬೇಕಾದ್ರ ನಂದೇನು ಹೇಳೂದು?"

ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ತಂತಿಗಳನ್ನು ಅಂಟಿಸಿ ನೋಡಿದ ಡಾಕ್ಟರು, ಬಡಿತದ ಲಯ ತಪ್ಪಿದೆ, ಹೀಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯವಿದೆ ಎಂದರು. ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಸೈಕಲ್ ತುಳಿಯುವಾಗ ಕಟ್ಟುವ ಪಟ್ಟಿಯಿಂದ ಎಂದೆ; ಅವರು ಅತ್ತೆಯ ಸೀರೆಯನ್ನೊಮ್ಮೆ ನೋಡಿದರು. ಸೋಮವಾರ ಇವರನ್ನೂ ಪರೀಕ್ಷೆಗೆ ಎಳೆದುಕೊಂಡು ಹೋದೆ. ಏನೂ ಕೆಟ್ಟಿಲ್ಲ ಎಂದರು. ನಾನು ವರದಿಯನ್ನು ಎರಡು ಸಲ ಓದಿದೆ. ಇನ್ನೂ ಪೂರ್ತಿ ನಂಬಿಲ್ಲ.

ಆ ಶನಿವಾರ ಆಸ್ಪತ್ರೆಯಿಂದ ಬರುವಾಗ ಅತ್ತೆ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಫ್ರೀವೇಗೆ ಬಂದ ಮೇಲೆ ಕೇಳಿದರು.

"ಅಲ್ಲವಾ, ನೀ ದಿನಾ ಆಫೀಸಿನ್ಯಾಗ ಕೆಲಸಾ ಬಿಟ್ಟು ನೋಡ್ತಿದ್ದೆಲ್ಲಾ ಫೋನಿನ್ಯಾಗ, ಅದೆಲ್ಲಾ ನಂದs?"

"ಹೂಂ ಅತ್ತೆ, ನಿಮ್ಮದೇ."

"ಎಪ್ಪತ್ತೆರಡು ವರ್ಷದಾಗ ನನ್ನ ಎದಿ ಯಾರೂ ಹಿಂಗ ದಿನಾ ನೋಡಿರಲಿಲ್ಲ ನೋಡು," ಎಂದರು. ದನಿಯಲ್ಲಿ ಹೆಮ್ಮೆಯಿತ್ತು.

ನಾನು ಹುಡುಕುತ್ತಿದ್ದದ್ದು ಒಬ್ಬ ಕಳ್ಳನನ್ನು ಎಂದು ಅವರಿಗೆ ಹೇಳಲು ನನ್ನಿಂದಾಗಲಿಲ್ಲ. ಇವತ್ತಿಗೂ ಹೇಳಿಲ್ಲ.