ಮಂಗಳ ಹಾಡಿಸಿಕೊಂಡ ರಾಕ್ ಹಾಡು

ಗೆಳೆಯರೇ, ಇವತ್ತು ಆಳಂದ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಮಹಬೂಬ ಜೋರಾಗಿ ಒಂದು ಸೈಕೆಡೆಲಿಕ್ ರಾಕ್ ಹಾಡು ಹಾಕಿದ್ದ. ಜಿಡಗಾ ಮಠದಲ್ಲಿ ಭಜನೆ ಮುಗಿಸಿ ತಮ್ಮೂರು ಮಟಕಿಯ ಬಸ್ಸಿಗೆ ಕಾಯುತ್ತಿದ್ದ ತಂಡದ ಹಿರಿಯ ಶರಣಪ್ಪನವರು ಸಿಟ್ಟಿನಿಂದ ಒಳಗೆ ಬಂದರು.

"ಏನ್ ಗದ್ದಲ ಹಚ್ಚೀಯಲೇ?"

"ಹಾಡ್ರಿ. ರೆಕಾರ್ಡಿನ್ಯಾಗ ಮೂರೇ ನಿಮಿಷ ಇತ್ತು. ಸ್ಟೇಜ್ ಮ್ಯಾಗ ವರ್ಷಗಟ್ಟಲೆ ಹಾಡ್ತಾ ಹಾಡ್ತಾ ಬೆಳೆದು ಅರ್ಧಾ ತಾಸ ಆಗ್ಯಾದ. ಇದು ಸ್ಟೇಜಿಂದು."

"ನಮ್ಮ ಪದಾನೂ ಹಂಗ ಬೆಳೀತಾವ," ಎಂದವರು ಕೂತು ಕಣ್ಣು ಮುಚ್ಚಿದರು. ಗಿಟಾರ್ ಮುಗಿಲು ಮುಟ್ಟುವ ಹೊತ್ತಿಗೆ ಎ ಸೈಡ್ ಮುಗಿದು ಟೇಪು ಟಕ್ಕೆಂದು ನಿಂತಿತು.

"ಉಳಿದಿದ್ದು ಆ ಕಡಿ ಅದರಿ, ತಿರುವಿ ಹಾಕ್ತೇನಿ," ಎಂದ ಮಹಬೂಬ.

"ಪದ ನಡುವ ಹರೀಬಾರದು," ಎನ್ನುತ್ತಲೇ ಶರಣಪ್ಪನವರು ಅದೇ ಧಾಟಿ ಎತ್ತಿಕೊಂಡರು. ಹೊರಗಿದ್ದ ಹಾರ್ಮೋನಿಯಂ, ತಬಲಾ, ತಾಳ ಎಲ್ಲ ಒಳಗೆ ಬಂದವು. ಮಟಕಿ ಬಸ್ಸು ಬಂದು ಹೋಯಿತು, ಯಾರೂ ಏಳಲಿಲ್ಲ. ಗಿಟಾರ್ ಬಿಟ್ಟ ಎತ್ತರದಿಂದಲೇ ಆ ಮುದುಕರ ದನಿ ಮೇಲೇರುತ್ತಿತ್ತು. ಕೊನೆಗೆ ಪದ್ಧತಿಯಂತೆ ಮಂಗಳ ಹಾಡಿ ಮುಗಿಸಿದರು.

ಮಂಗಳ ಆದ ಮೇಲೆ ಮತ್ತೆ ಪದ ಎತ್ತುವಂತಿಲ್ಲ. ಕ್ಯಾಸೆಟ್ ತಿರುವಿ ಹಾಕಲು ಮಹಬೂಬನಿಗೆ ಇನ್ನೂ ಧೈರ್ಯ ಬಂದಿಲ್ಲ.