ಎರಡೂವರೆ ಡಿಗ್ರಿ

ರೇಷ್ಮೆಹುಳುವಿನ ಮೊಟ್ಟೆಗಳನ್ನು ಸಿದ್ಧಮಾಡುವ ಬಿತ್ತನೆ ಕೋಠಿಯಲ್ಲಿ ಅವಳನ್ನು ಎಲ್ಲರೂ ಮೊಟ್ಟೆ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ದೊಡ್ಡವರಾದ ನಿರ್ದೇಶಕರೂ ಹಾಗೇ ಕರೆಯುತ್ತಿದ್ದರು. ಆದರೆ ಅವಳ ಒಡಹುಟ್ಟಿದ ತಮ್ಮ ಒಬ್ಬನೇ, ಅದೇ ಕೋಠಿಯ ಕಂಪ್ಯೂಟರ್ ನೋಡಿಕೊಳ್ಳುವವನು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿ ಅವನನ್ನು ಸಾಕಿದಳು, ಓದಿಸಿದಳು. ಅಕ್ಕನಿಗೆ ಅವನು ಎದುರಾಡಿದ್ದು ಅಪರೂಪ. ಒಮ್ಮೆ ಎದುರಾಡಿ ಗೆದ್ದುಬಿಟ್ಟ, ಸಂಕಟ ಇರುವುದೇ ಅಲ್ಲಿ.

ಅಕ್ಕನ ಸುಪರ್ದಿಯಲ್ಲಿದ್ದದ್ದು ನೆಲಮಾಳಿಗೆಯ ಒಂದು ತಂಪು ಕೋಣೆ. ಅದರ ಕಪಾಟುಗಳಲ್ಲಿ ಮೂವತ್ತೊಂದು ಹಳೆಯ ತಳಿಗಳ ಮೊಟ್ಟೆಗಳು ಹಾಳೆಗಳಿಗೆ ಗಸಗಸೆಯ ಹಾಗೆ ಅಂಟಿಕೊಂಡಿದ್ದವು. ಎರಡೂವರೆ ಡಿಗ್ರಿಯಲ್ಲಿ ಇಟ್ಟರೆ ಅವು ತಿಂಗಳುಗಟ್ಟಲೆ ಮಲಗಿರುತ್ತವೆ. ಕೋಣೆ ಬೆಚ್ಚಗಾದರೆ ಹತ್ತು ಹನ್ನೆರಡು ದಿನಕ್ಕೆ ಒಡೆದು ಹುಳುಗಳು ಹೊರಬರುತ್ತವೆ. ವರ್ಷಕ್ಕೊಮ್ಮೆ, ತೋಟದಲ್ಲಿ ಎಲೆ ಇರುವಾಗ, ಅವುಗಳನ್ನು ಎಬ್ಬಿಸಿ, ಮೇಯಿಸಿ, ಹೊಸ ಮೊಟ್ಟೆ ಇಡಿಸಿ ಮತ್ತೆ ಮಲಗಿಸಬೇಕು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಅದನ್ನೇ. ಅರ್ಧಕ್ಕರ್ಧ ತಳಿಗಳು ಬೇರೆಲ್ಲೂ ಉಳಿದಿರಲಿಲ್ಲ. ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು, ಥರ್ಮಾಮೀಟರ್ ನೋಡಿ, ನೋಟ್‌ಬುಕ್ಕಿನಲ್ಲಿ ಅಂಕಿ ಬರೆದು ಹತ್ತಿ ಬಂದೂ ಬಂದೂ ಅವಳ ಮಂಡಿಗಳು ಸವೆದಿದ್ದವು.

"ಇನ್ನು ನೀನು ಇಳಿಯೋದು ಬೇಡ ಅಕ್ಕ, ಹತ್ತು ಸೆಕೆಂಡಿಗೊಂದು ಸಲ ಮಿಷಿನ್ನೇ ಬರ್ಕೊಳ್ಳುತ್ತೆ" ಎಂದ ತಮ್ಮ.

"ಅದಕ್ಕೆ ಕಣ್ಣಿದೆಯಾ?"

"ನಿನ್ನ ಕಣ್ಣಿಗಿಂತ ಚೆನ್ನಾಗಿದೆ."

ಹಟ ಹಿಡಿದು ಮೂರು ಕಂಪ್ಯೂಟರ್‌ಗಳನ್ನು ಒಂದು ಗುಂಪಾಗಿ ಕಟ್ಟಿದ. ಕ್ಷಣಕ್ಷಣದ ಅಂಕಿಯನ್ನೂ ಅದು ಬಂದ ಹೊತ್ತಿನ ಸಮೇತ ಕೂಡಿಡುವುದು ಅವುಗಳ ಕೆಲಸ. ಒಂದರಲ್ಲಿ ಬರೆದದ್ದು ಉಳಿದೆರಡರಲ್ಲೂ ಇರುತ್ತಿತ್ತು. ಒಂದು ಸತ್ತರೆ ಮಿಕ್ಕವು ಕೆಲಸ ಸಾಗಿಸುತ್ತಿದ್ದವು. ಎಲ್ಲರೆದುರು ಒಂದರ ತಂತಿ ಕಿತ್ತು ತೋರಿಸಿದಾಗ ನಿರ್ದೇಶಕರು ಚಪ್ಪಾಳೆ ತಟ್ಟಿದರು. ಅಂಕಿಗಳಿಗೆ ಮೂರು ಪ್ರತಿ, ಮೊಟ್ಟೆಗಳಿಗೆ ಒಂದೇ ಕೋಣೆ. ಅದು ಆಗ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಮೊದಮೊದಲು ತೊಂದರೆ ಇತ್ತು. ತಂಪು ಕೋಣೆಯ ಗೋಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಯೊಂದು ಅಂಕಿಗಳನ್ನು ಮೇಲಕ್ಕೆ ಕಳಿಸಬೇಕು. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುತ್ತಿತ್ತು. ಅಂಕಿ ಬರದಿದ್ದರೆ ಅಕ್ಕ ತಮ್ಮ ಇಬ್ಬರ ಫೋನುಗಳೂ ಬಡಿದುಕೊಳ್ಳುತ್ತಿದ್ದವು. ಊಟ ಮಾಡುತ್ತಿದ್ದವಳು ಎಂಜಲು ಕೈಯಲ್ಲೇ ಕುಂಟುತ್ತ ಓಡುತ್ತಿದ್ದಳು. ಹೋಗಿ ನೋಡಿದರೆ ಕೋಣೆ ತಣ್ಣಗೆ ಇರುತ್ತಿತ್ತು. ಒಂದೇ ವಾರದಲ್ಲಿ ಹದಿನಾಲ್ಕು ಸಲ ಹೀಗಾಯಿತು. ಹದಿನೈದನೆಯ ಸಲ ಅವಳು ಮೆಟ್ಟಿಲ ಮೇಲೆ ಕೂತು ಮಂಡಿ ಹಿಡಿದುಕೊಂಡದ್ದನ್ನು ಅವನು ನೋಡಿದ. ಅವಳಿಗೆ ಹೇಳದೆ ಆ ಎಚ್ಚರಿಕೆಯನ್ನು ಆಫ್ ಮಾಡಿದ. ಬಿಸಿ ಏರಿದರೆ ಮಾತ್ರ ಫೋನ್ ಬಡಿದುಕೊಂಡರೆ ಸಾಕು ಅಂದುಕೊಂಡ. ಅಂಕಿಯೇ ಬರದಿದ್ದರೆ ಬಿಸಿ ಏರಿದ್ದು ತಿಳಿಯುವುದು ಹೇಗೆ ಎಂಬುದು ಅಷ್ಟು ಓದಿದವನಿಗೆ ಹೊಳೆಯಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಉಷ್ಣತೆ ತೋರಿಸುವ ಗೆರೆ ಅಲ್ಲಲ್ಲಿ ತುಂಡಾಗಿದ್ದು ನಿರ್ದೇಶಕರಿಗೆ ಇಷ್ಟವಾಗಲಿಲ್ಲವೆಂದು, ಹೊಸ ಅಂಕಿ ಬರುವವರೆಗೆ ಹಳೆಯದನ್ನೇ ಎಳೆದು ತೋರಿಸುವಂತೆಯೂ ಮಾಡಿದ. ನೆಟ್‌ವರ್ಕ್ ನೆಟ್ಟಗಾದ ಮೇಲೆ ಎರಡನ್ನೂ ಸರಿಮಾಡಿದರಾಯಿತು ಅಂದುಕೊಂಡ. ನೆಟ್‌ವರ್ಕ್ ನೆಟ್ಟಗಾಯಿತು, ಅವನು ಮರೆತ.

ಧೈರ್ಯ ಬಂದ ಅಕ್ಕ ಕೊನೆಗೂ ಮಂಡಿಯ ಆಪರೇಷನ್ನಿಗೆ ಒಪ್ಪಿದಳು. ಮನೆಯಲ್ಲಿ ಹಾಸಿಗೆ ಹಿಡಿದ ಮೇಲೆ ದಿನಾ ಬೆಳಗ್ಗೆ ಅವಳದು ಒಂದೇ ಪ್ರಶ್ನೆ, "ಎಷ್ಟಿದೆ?" ಅವನು ಫೋನ್ ನೋಡಿ "ಎರಡೂವರೆ" ಎನ್ನುತ್ತಿದ್ದ. ಅವಳು ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತಿದ್ದಳು.

ಹದಿನೈದನೆಯ ದಿನ ಅವಳು ಲೋಟ ಕೆಳಗಿಟ್ಟಳು.

"ಅಲ್ವೋ, ನಿನ್ನೆನೂ ಎರಡೂವರೆ, ಮೊನ್ನೆನೂ ಎರಡೂವರೆ. ಒಂದು ಚೂರೂ ಆಚೆ ಈಚೆ ಆಗಲ್ವಾ? ನಾನು ಬರೆಯೋವಾಗ ಎರಡು ದಿನ ಒಂದೇ ಥರ ಇದ್ದಿದ್ದೇ ಇಲ್ಲ."

ಅವನು ನಗಲು ಹೋದ, ನಗು ಬರಲಿಲ್ಲ. ಕೊನೆಯ ಅಂಕಿ ಬಂದ ಹೊತ್ತನ್ನು ತೆಗೆದು ನೋಡಿದ. ಹದಿಮೂರು ದಿನ ಹಿಂದಿನದು. "ಈಗ ಬಂದೆ" ಎಂದವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ಮೂರು ಕಂಪ್ಯೂಟರ್‌ಗಳೂ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದವು, ಮೂರರಲ್ಲೂ ಹಸಿರು ದೀಪ. ಕೆಳಗೆ ತಂಪು ಯಂತ್ರಕ್ಕೆ ಹೋಗುವ ವೈರು ಸುಟ್ಟು ಕರಕಲಾಗಿತ್ತು. ಪುಟ್ಟ ಪೆಟ್ಟಿಗೆಗೂ ಕರೆಂಟು ಅದೇ ವೈರಿನಿಂದ ಬರುತ್ತಿತ್ತು. ಎರಡೂ ಒಂದೇ ಗಳಿಗೆಯಲ್ಲಿ ಸತ್ತಿದ್ದವು. ಸುಮ್ಮನೆ ಬಾಗಿಲು ತೆಗೆಯಬಾರದೆಂಬುದು ಅಕ್ಕನದೇ ನಿಯಮ, ಪರದೆ ಬಂದ ಮೇಲೆ ಯಾರಿಗೂ ತೆಗೆಯುವ ಅಗತ್ಯ ಕಂಡಿರಲಿಲ್ಲ.

ಬಾಗಿಲು ತೆಗೆದ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಹಾಳೆಗಳು ಕಪ್ಪಾಗಿದ್ದವು, ಕಪ್ಪು ಹರಿದಾಡುತ್ತಿತ್ತು. ಇರುವೆಗಿಂತ ಸಣ್ಣ ಹುಳುಗಳು ಸಾವಿರಾರು, ತಲೆಯೆತ್ತಿ ಎಲೆ ಹುಡುಕುತ್ತಿದ್ದವು. ಕೋಠಿಯ ಹಿಪ್ಪುನೇರಳೆ ತೋಟವನ್ನು ಬುಡಕ್ಕೆ ಸವರಿ ಇಪ್ಪತ್ತು ದಿನವೂ ಆಗಿರಲಿಲ್ಲ, ಸುತ್ತಲ ರೈತರ ತೋಟಗಳೂ ಬೋಳಾಗಿದ್ದವು. ಇಡೀ ತೋಟ ಸುತ್ತಿದರೂ, ಬೀದಿಯ ಮರಗಳನ್ನೆಲ್ಲ ತಡಕಿದರೂ, ಅವನಿಗೆ ಸಿಕ್ಕಿದ್ದು ಅರ್ಧ ಬುಟ್ಟಿ ಚಿಗುರು.

ಮನೆಗೆ ಬಂದು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಎಚ್ಚರಿಕೆ ಆಫ್ ಮಾಡಿದ್ದನ್ನೂ ಬಚ್ಚಿಡಲಿಲ್ಲ.

"ಯಾಕೆ ಆಫ್ ಮಾಡಿದೆ?"

"ನೀನು ಸುಮ್ಮಸುಮ್ಮನೆ ಓಡ್ತಿದ್ದೆ. ನೋಡೋಕಾಗ್ಲಿಲ್ಲ."

"ಓಡೋಕಾಗಲ್ಲ ಅಂತ ನಾನು ಹೇಳಿದ್ನಾ?"

"ಇಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಅಷ್ಟಾದರೂ ಆಸರೆಯಾಗುತ್ತಿತ್ತು. ಕಟ್ಟು ಹಾಕಿದ ಕಾಲನ್ನು ಎಳೆದುಕೊಂಡು ಎದ್ದು ಕೂತಳು.

"ಆ ಎಲೆಗೆ ಎಷ್ಟು ತಳಿ ಬದುಕ್ತಾವೆ?"

"ಎರಡು. ಅದೂ ಕಷ್ಟ."

"ಹತ್ತೊಂಬತ್ತನೇ ನಂಬರಿಂದು, ಇಪ್ಪತ್ತಾರನೇದು, ಇವೆರಡನ್ನ ಉಳಿಸು" ಎಂದಳು. ಯೋಚಿಸಿದರೆ ಆರಿಸಲಾರೆನೆಂಬ ಹೆದರಿಕೆ ಆ ಅವಸರದಲ್ಲಿತ್ತು. "ಮಿಕ್ಕಿದ್ದನ್ನ ಕುದಿಯೋ ನೀರಿಗೆ ಹಾಕು. ಹಸಿವಲ್ಲಿ ಸಾಯೋಕೆ ಎರಡು ದಿನ ತಗೊಳ್ತಾವೆ, ಅಷ್ಟು ಹೊತ್ತು ನರಳೋದು ಬೇಡ. ನೀನೇ ಮಾಡು, ಬೇರೆಯವರ ಕೈಗೆ ಕೊಡಬೇಡ. ನಂಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿಟ್ಟಿರು."

ಕೋಠಿಯಲ್ಲಿ ದೊಡ್ಡ ಹಂಡೆಗೆ ನೀರು ಕಾಯಿಸಿ, ಫೋನನ್ನು ಕಿಟಕಿಯ ಮೇಲಿಟ್ಟು, ಒಂದನೆಯ ತಳಿಯ ಹಾಳೆ ಎತ್ತಿಕೊಂಡ.

"ಒಂದು" ಎಂದ.

ಅಕ್ಕ ಆ ತಳಿಯ ಹೆಸರು ಹೇಳಿದಳು. ಯಾವ ವರ್ಷ ಬಂದದ್ದು, ಗೂಡಿನ ಬಣ್ಣ ಯಾವುದು ಎಂದೂ ಹೇಳಿದಳು. ಅವನು ಹಾಳೆಯನ್ನು ನೀರಿಗೆ ಇಳಿಸಿದ. ಎರಡು ಅಂದ, ಮೂರು ಅಂದ. ಪ್ರತಿ ಸಂಖ್ಯೆಗೂ ಅವಳ ಬಾಯಲ್ಲಿ ಹೆಸರು ಸಿದ್ಧವಾಗಿತ್ತು.

"ಹನ್ನೊಂದು."

ಆ ಕಡೆಯಿಂದ ದನಿ ಬರಲಿಲ್ಲ. ಅವನು ಹಾಳೆ ಹಿಡಿದು ನಿಂತ. ಹುಳುಗಳು ಹಾಳೆಯಿಂದ ಅವನ ಹೆಬ್ಬೆರಳಿಗೆ ಹತ್ತಿದವು.

"ಅಕ್ಕ?"

"ಹಾಕು" ಎಂದಳು.