ಆದೆಪ್ಪನ ಹಸಿ ಕೋಣೆ

ಸಾಲಗುಂದದ ಆದೆಪ್ಪ ಇಪ್ಪತ್ತೆಂಟು ವರ್ಷ ಸಿಂಧನೂರಿನ ಕರಿಬಸಯ್ಯನವರ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ತುಂಬಿದ. ಹೊಟ್ಟು ಒಲೆಯೊಳಗೂ ಹೋಯಿತು, ಅವನೊಳಗೂ ಹೋಯಿತು. ಹೋದ ವರ್ಷ ಲಿಂಗಸುಗೂರಿನ ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು, "ಇನ್ನ ಧೂಳಿನ ಕೆಲಸ ಮಾಡಿದ್ರ ವರ್ಷ ದಾಟಂಗಿಲ್ಲ ನೀ" ಅಂದರು.

ಕರಿಬಸಯ್ಯನವರು ಕೆಟ್ಟವರೇನಲ್ಲ, ಬಹಳ ಒಳ್ಳೆಯವರು ಅನ್ನಲಿಕ್ಕೂ ನಾಲಿಗೆ ಏಳುವುದಿಲ್ಲ. "ಧೂಳಿಲ್ಲದ ಕೆಲಸ ಒಂದ ಐತಿ. ನನ್ನ ಮಗಳ ಹಾವು ನೋಡ್ಕೊಂಡಿರು. ಅದು ಇರೋತನ ನಿನಗ ಅಲ್ಲೇ ಕೆಲಸ" ಅಂದರು.

ಮಗಳು ಶಿವರಂಜನಿ ಸಾಕಿದ್ದು ಆಫ್ರಿಕಾದ ಗಿಡ್ಡ ಹೆಬ್ಬಾವು. ಅದರ ಕಾಗದಪತ್ರ ಎಲ್ಲ ಸರಿಯಾಗಿದ್ದವು. ಬಡವರ ಮನೆಗೆ ಹಾವು ಹೊಕ್ಕರೆ ಬಡಿಗೆ ಹುಡುಕುತ್ತಾರೆ, ಉಳ್ಳವರು ಕೂಲರ್ ಹಚ್ಚುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ತೋಯಿಸಿದ ತೆಂಗಿನ ನಾರಿನ ಪುಡಿ, ಅಗಲ ಬಟ್ಟಲಲ್ಲಿ ನೀರು, ಪಕ್ಕಕ್ಕೆ ಗಾಳಿಯ ಹಸಿ ತೋರಿಸುವ ಮೀಟರಿನ ಮುಳ್ಳು.

"ಕಾಕಾ, ಮುಳ್ಳು ಅರವತ್ತರ ಹತ್ರ ಇರ್ಬೇಕು. ಒಣಗಿದ್ರ ಪೊರೆ ಕಣ್ಣಿಗೇ ಅಂಟಿಬಿಡ್ತದ. ಹಂಗಂತ ರಾಡಿ ಮಾಡ್ಬ್ಯಾಡ್ರಿ. ಏನರ ಆದ್ರ ಮೊದಲು ನನಗ ಫೋನ್ ಮಾಡ್ರಿ" ಎಂದು ಶಿವರಂಜನಿ ಹೇಳಿಕೊಟ್ಟಳು.

ಭತ್ತದ ಕಾಳು ಕಡಿದೇ ಹಸಿ ಎಷ್ಟೆಂದು ಹೇಳುವ ಮನುಷ್ಯನಿಗೆ ಅದೇನು ಮಹಾ ವಿದ್ಯೆ? ಎರಡು ತಾಸಿಗೊಮ್ಮೆ ನೀರು ಚಿಮುಕಿಸುತ್ತ ಕೂತ. ಆ ಕೋಣೆಯ ತಂಪು ಗಾಳಿಗೆ ತಿಂಗಳೊಳಗೆ ಅವನ ಕೆಮ್ಮು ಇಳಿಯಿತು. "ನಾಗಪ್ಪ ಕಣ್ಣು ಬಿಟ್ಟಾನ. ಅವನ ತಂಪಿನಾಗ ನೀನೂ ಬದುಕಾಕತ್ತಿ" ಎಂದು ಹೆಂಡತಿ ಯಂಕಮ್ಮ ಕೈ ಮುಗಿದಳು.

ಏಪ್ರಿಲ್‌ನಲ್ಲಿ ಶಿವರಂಜನಿ ಪರೀಕ್ಷೆಗೆಂದು ಕಲಬುರಗಿಗೆ ಹೋದಳು. ನಾರಿನ ಪುಡಿ ಮುಗಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಮುಳ್ಳು ಮೂವತ್ತೆರಡಕ್ಕೆ ಇಳಿಯಿತು. ಹಾವಿನ ಕಣ್ಣು ಹಾಲುಗಟ್ಟಿದವು. ಪೊರೆ ಬಿಡುವ ಹೊತ್ತು. ಓದುವ ಹುಡುಗಿಗೆ ಯಾಕೆ ತ್ರಾಸು ಎಂದು ಆದೆಪ್ಪ ತನಗೆ ತಿಳಿದದ್ದನ್ನೇ ಮಾಡಿದ. ಹೊಟ್ಟಿನಲ್ಲಿ ಮುಚ್ಚಿಟ್ಟ ಮಂಜುಗಡ್ಡೆ ಸಂಜೆವರೆಗೂ ಕರಗದ್ದನ್ನು ಅವನು ಕಂಡವನು. ಗಿರಣಿಯಿಂದ ಒಂದು ಚೀಲ ಹೊಟ್ಟು ತಂದು, ತೋಯಿಸಿ ಹಾಸಿದ. ಮುಳ್ಳು ಎಪ್ಪತ್ತಕ್ಕೆ ಏರಿತು. ನಾಲ್ಕನೆಯ ದಿನ ಪೊರೆ ಇಡಿಯಾಗಿ ಕಳಚಿ ಬಂತು. ಯಂಕಮ್ಮ ಅದನ್ನು ದೇವರ ಜಗಲಿಯ ಮೇಲಿಟ್ಟಳು.

ಹೊಟ್ಟು ಅಡಿಯಲ್ಲಿ ಬೂಸಲು ಹಿಡಿಯಿತು, ಮೇಲೆ ಒಣಗಿ ಧೂಳಾಯಿತು. ಹಾವು ಅದರಲ್ಲೇ ಹೊರಳಿತು. ಎಂಟನೆಯ ದಿನ ಕೋಣೆಯಲ್ಲಿ ಸುಯ್ ಸುಯ್ ಎಂಬ ಸದ್ದು ಕೇಳಿತು. ತನ್ನ ಎದೆಯದೇ ಎಂದುಕೊಂಡು ಆದೆಪ್ಪ ಉಸಿರು ಬಿಗಿಹಿಡಿದ. ಸದ್ದು ನಿಲ್ಲಲಿಲ್ಲ, ಗಾಜಿನ ಪೆಟ್ಟಿಗೆಯಿಂದ ಬರುತ್ತಿತ್ತು.

ಆ ಸದ್ದು ಏನೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಫೋನ್ ಒತ್ತಿದ, ಕಟ್ ಮಾಡಿದ. ಹೇಳಿದರೆ ಕೆಲಸ ಹೋಗುತ್ತದೆ, ಮತ್ತೆ ಬಾಯ್ಲರ್. ಹೊಟ್ಟು ಬಳಿದು ಹೊರಗೆ ಹಾಕಿ ಹಸಿ ಗೋಣಿ ಹಾಸಿದ. ಹಾವಿನ ಬಾಯಿಗೆ ಬಂದ ನೊರೆ ಒರೆಸುತ್ತ ಮೂರು ದಿನ ದೂಡಿದ. ಬೈಯುವುದಾದರೆ ಬೈಯಿರಿ, ಉಸಿರು ಕಟ್ಟಿದವನ ಜಾಗದಲ್ಲಿ ಒಮ್ಮೆ ನಿಂತು ಬೈಯಿರಿ.

ಮರುದಿನ ಶಿವರಂಜನಿ ಬಂದಳು. "ಎಷ್ಟು ದಿನಾತು ಕಾಕಾ ಹಿಂಗಾಗಿ?"

"ನಿನ್ನಿಯಿಂದ ರೀ, ಅಕ್ಕಾರ."

ಲಿಂಗಸುಗೂರಿನಲ್ಲಿ ಹಾವು ಬಲ್ಲ ದನದ ಡಾಕ್ಟರೊಬ್ಬರಿದ್ದರು. ಅವಳು ಕಾರು ಓಡಿಸಿದಳು, ಆದೆಪ್ಪ ಹಿಂದೆ ಹಾವಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ಡಬ್ಬಿಯೊಳಗಿನ ಸದ್ದು ನಿಂತಿತು. ಆಗ ಅವನ ಬಾಯಿ ಬಿಚ್ಚಿತು.

"ನಿನ್ನಿಯಿಂದ ಅಲ್ಲ ರೀ. ನಾಕ ದಿನಾತು. ಗಿರಣಿ ಹೊಟ್ಟು ಹಾಸಿದ್ದೆ."

ಅವಳು ಕಾರು ಬದಿಗೆ ನಿಲ್ಲಿಸಿದಳು. ಹಿಂದಕ್ಕೆ ಹೊರಳಿ ಡಬ್ಬಿ ತೆರೆದು ಸತ್ತ ಹಾವನ್ನು ಮುಟ್ಟಿ ನೋಡಿ, "ಮೊದಲ ದಿನಾನ ಹೇಳಿದ್ರ ಉಳೀತಿತ್ತು ಕಾಕಾ" ಅಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೋಡಿದವನಿಗೆ ಎರಡೂ ಆದವು. ಕರಿಬಸಯ್ಯನವರು ಬೈಯಲಿಲ್ಲ. "ನಾಳಿಂದ ಬಾಯ್ಲರ್ ಕಡೆ ಬಾ" ಅಂದರು, ಅಷ್ಟೆ.

ಬೆಳಿಗ್ಗೆ ಯಂಕಮ್ಮ ಟವೆಲ್ ನೀರಲ್ಲಿ ಅದ್ದಿ ಅವನ ಮೂಗು ಬಾಯಿಗೆ ಕಟ್ಟಿದಳು. "ಇದನ್ನ ಒಣಗಗೊಡಬ್ಯಾಡ" ಅಂದಳು. ಆದೆಪ್ಪ ಬಕೆಟ್ ಪಕ್ಕಕ್ಕಿಟ್ಟುಕೊಂಡು ಹೊಟ್ಟು ತುಂಬುತ್ತಾನೆ, ನೆನಪಾದಾಗಲೆಲ್ಲ ಟವೆಲ್ ಅದ್ದುತ್ತಾನೆ. ಬಾಯ್ಲರ್ ಮುಂದೆ ಅದು ಕಾಲು ತಾಸಿಗೇ ಒಣಗುತ್ತದೆ.